ಎಳೆಗಬ್ಬದ ಕುದುರೆಯ ಪ್ರಯಾಣ: ಓದುಗರ ಪ್ರಶ್ನೆಗಳಿಗೆ ಪಶುವೈದ್ಯರ ಉತ್ತರ

ಪ್ರಶ್ನೆ: ನಮ್ಮದು ದಾವಣಗೆರೆ ತಾಲ್ಲೂಕಿನ ಒಂದು ಹಳ್ಳಿ. ಏಳು ವರ್ಷದ ನಮ್ಮ ಹೆಣ್ಣು ಕುದುರೆಯನ್ನು ಒಳ್ಳೆಯ ತಳಿಯ ಗಂಡಿಗೆ ಬಿಡಿಸಬೇಕೆಂದು ಕುಣಿಗಲ್ ಸಮೀಪದ ಪರಿಚಯಸ್ಥರೊಬ್ಬರ ಲಾಯದಲ್ಲಿ ಇರಿಸಿದ್ದೇವೆ. ಕೊನೆಯ ಸಲ ಗಂಡು ಹಾರಿ ಇಂದಿಗೆ 20 ದಿನ. 15ನೆಯ ದಿನ ಸ್ಕ್ಯಾನ್ ಮಾಡಿದ ವೈದ್ಯರು ಗಬ್ಬ ನಿಂತಿದೆ ಎಂದಿದ್ದಾರೆ. ಈಗ ಊರಿಗೆ ಕರೆತರಬೇಕಾಗಿದೆ. ಮೂರು ತಿಂಗಳು ತುಂಬುವವರೆಗೆ ವಾಹನ ಹತ್ತಿಸಿದರೆ ಕುಲುಕಾಟಕ್ಕೆ ಗಬ್ಬ ಜಾರಿಹೋಗುತ್ತದೆ ಎಂದು ನಮ್ಮ ಕಡೆಯ ಹಿರಿಯರು ಹೇಳುತ್ತಾರೆ. ಅಲ್ಲಿಯೇ ಬಿಟ್ಟರೆ ಮೇವಿನ ಖರ್ಚು ದಿನದಿನಕ್ಕೂ ಬೆಳೆಯುತ್ತದೆ. ಏನು ಮಾಡಬೇಕು?

ಉತ್ತರ: ಮೂರು ತಿಂಗಳು ಕಾಯುವ ಅಗತ್ಯವಿಲ್ಲ, ಆದರೆ ಇನ್ನು ಎಂಟು ದಿನ ಕಾಯಿರಿ. 28ನೆಯ ದಿನದ ಆಸುಪಾಸಿನಲ್ಲಿ ಅಲ್ಲಿಯೇ ಎರಡನೆಯ ಸ್ಕ್ಯಾನ್ ಮಾಡಿಸಿ, ಪಿಂಡದ ಹೃದಯಬಡಿತ ಕಂಡ ಮೇಲೆ ಕುದುರೆಯನ್ನು ಹೊರಡಿಸಿರಿ. ಹೀಗೆ ಹೇಳಲು ಇರುವ ಕಾರಣವನ್ನು ಸ್ವಲ್ಪ ವಿಸ್ತಾರವಾಗಿಯೇ ತಿಳಿಸುತ್ತೇನೆ, ಏಕೆಂದರೆ ಕಾರಣ ತಿಳಿದವರು ದಾರಿಯಲ್ಲಿ ಏನಾದರೂ ಹೆಚ್ಚುಕಡಿಮೆಯಾದಾಗ ತಾವೇ ಸರಿಯಾದ ನಿರ್ಧಾರ ತೆಗೆದುಕೊಳ್ಳಬಲ್ಲರು.

ಕುದುರೆಯ ಗರ್ಭ ಮೊದಲ ವಾರಗಳಲ್ಲಿ ಹಸುವಿನ ಗರ್ಭದಂತೆ ಇರುವುದಿಲ್ಲ. ಅಂಡ ಬಿಡುಗಡೆಯಾದ ಆರನೆಯ ದಿನದ ಹೊತ್ತಿಗೆ ಗರ್ಭಕೋಶಕ್ಕೆ ಇಳಿಯುವ ಭ್ರೂಣವು ಗಟ್ಟಿಯಾದ ಪಾರದರ್ಶಕ ಪೊರೆಯೊಂದರೊಳಗೆ, ಮಕ್ಕಳಾಡುವ ಗಾಜಿನ ಗೋಲಿಯಂತೆ ದುಂಡಗಿರುತ್ತದೆ. ಹದಿನಾರನೆಯ ದಿನದವರೆಗೂ ಅದು ಒಂದು ಕಡೆ ನಿಲ್ಲುವುದೇ ಇಲ್ಲ. ಗರ್ಭಕೋಶದ ಎರಡೂ ಕೊಂಬುಗಳ ಉದ್ದಕ್ಕೂ ದಿನಕ್ಕೆ ಹಲವು ಬಾರಿ ಅತ್ತಿಂದಿತ್ತ ಸಂಚರಿಸುತ್ತ, ತಾನು ಬಂದಿರುವುದನ್ನು ತಾಯಿಯ ದೇಹಕ್ಕೆ ತಿಳಿಸುತ್ತದೆ. ಆ ತಿಳಿವಳಿಕೆ ಮುಟ್ಟದಿದ್ದರೆ ತಾಯಿ ಮತ್ತೆ ಬೆದೆಗೆ ಬರುತ್ತಾಳೆ. ಹದಿನಾರನೆಯ ದಿನದ ಸುಮಾರಿಗೆ ಗರ್ಭಕೋಶದ ಗೋಡೆ ಬಿಗಿದುಕೊಂಡು, ಒಂದು ಕೊಂಬಿನ ಬುಡದಲ್ಲಿ ಗೋಲಿ ಸಿಕ್ಕಿಕೊಂಡಂತೆ ಭ್ರೂಣ ನೆಲೆ ನಿಲ್ಲುತ್ತದೆ. ತಾನಾಗಿಯೇ ಇಷ್ಟು ಓಡಾಡುವ, ಸುತ್ತಲೂ ಮೆತ್ತನೆಯ ಸ್ನಾಯುವಿನ ರಕ್ಷಣೆಯಿರುವ ಭ್ರೂಣವನ್ನು ರಸ್ತೆಯ ಕುಲುಕಾಟ ಹೊರಗೆ ತಳ್ಳಲಾರದು. ಹಿರಿಯರ ಮಾತಿನಲ್ಲಿ ಎಚ್ಚರವಿದೆ, ಆ ಎಚ್ಚರಕ್ಕೆ ಬೆಲೆಯಿದೆ. ಆದರೆ ಅಪಾಯವಿರುವುದು ಕುಲುಕಾಟದಲ್ಲಲ್ಲ.

ಇದನ್ನು ಪರೀಕ್ಷಿಸಿಯೂ ನೋಡಿದ್ದಾರೆ. 1990ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಗಬ್ಬದ ಮೂರನೆಯ ವಾರದಲ್ಲಿದ್ದ ಮತ್ತು ಐದನೆಯ ವಾರದಲ್ಲಿದ್ದ ಕುದುರೆಗಳನ್ನು ಸುಮಾರು ಒಂಬತ್ತು ಗಂಟೆಗಳ ಕಾಲ ವಾಹನದಲ್ಲಿ ಸಾಗಿಸಿ, ಲಾಯದಲ್ಲಿಯೇ ಇದ್ದ ಕುದುರೆಗಳೊಡನೆ ಹೋಲಿಸಿದರು. ಪ್ರಯಾಣ ಮಾಡಿದವುಗಳ ರಕ್ತದಲ್ಲಿ ಒತ್ತಡದ ಹಾರ್ಮೋನ್ ಏರಿತ್ತು, ನಿಜ. ಆದರೆ ಗರ್ಭವನ್ನು ಕಾಪಾಡುವ ಪ್ರೊಜೆಸ್ಟರಾನ್ ಇಳಿಯುವ ಬದಲು ಅದೂ ಏರಿತ್ತು, ಗರ್ಭನಷ್ಟವೂ ಹೆಚ್ಚಾಗಿರಲಿಲ್ಲ. ಆ ಕುದುರೆಗಳು ಆರೋಗ್ಯವಾಗಿದ್ದವು, ಅವುಗಳನ್ನು ಒಳ್ಳೆಯ ವಾಹನದಲ್ಲಿ ಜಾಗ್ರತೆಯಿಂದ ಸಾಗಿಸಿದ್ದರು ಎಂಬುದನ್ನು ಮರೆಯಬಾರದು. ಬಾಡಿಗೆಯ ಗೂಡ್ಸ್ ವಾಹನದ ತಗಡಿನ ಮೇಲೆ, ಏಪ್ರಿಲ್ ತಿಂಗಳ ಮಧ್ಯಾಹ್ನ, ತಲೆಯನ್ನು ಗಿಡ್ಡವಾಗಿ ಬಿಗಿದು ತರುವ ಪ್ರಯಾಣಕ್ಕೆ ಆ ಅಧ್ಯಯನ ಧೈರ್ಯ ಕೊಡುವುದಿಲ್ಲ.

ಹಾಗಾದರೆ ಗಬ್ಬ ಹೋಗುವುದು ಯಾವುದರಿಂದ? ಬಹುಪಾಲು ಜ್ವರದಿಂದ, ನೀರಿಲ್ಲದೆ ಬರುವ ಹೊಟ್ಟೆಶೂಲೆಯಿಂದ ಮತ್ತು ಇವೆರಡರಿಂದ ರಕ್ತ ಸೇರುವ ವಿಷದಿಂದ. ಮೊದಲ ಎರಡು ಮೂರು ತಿಂಗಳು ಗರ್ಭವನ್ನು ಹಿಡಿದಿಡುವ ಪ್ರೊಜೆಸ್ಟರಾನ್ ಬರುವುದು ಅಂಡಾಶಯದಲ್ಲಿರುವ ಕಾರ್ಪಸ್ ಲೂಟಿಯಂ ಎಂಬ ಹಳದಿ ಗಂಟಿನಿಂದ ಮಾತ್ರ; ಮಾಸು ಬೆಳೆದು ಆ ಹೊಣೆಯನ್ನು ಪೂರ್ತಿಯಾಗಿ ವಹಿಸಿಕೊಳ್ಳುವುದು ಮೂರು ನಾಲ್ಕು ತಿಂಗಳಾದ ಮೇಲೆ. ಕರುಳು ಕೆಟ್ಟಾಗ ಅಥವಾ ಶ್ವಾಸಕೋಶಕ್ಕೆ ಸೋಂಕು ತಗುಲಿದಾಗ ಬ್ಯಾಕ್ಟೀರಿಯಾಗಳ ವಿಷ ರಕ್ತಕ್ಕೆ ಇಳಿಯುತ್ತದೆ, ಅದರಿಂದ ದೇಹದಲ್ಲಿ ಪ್ರೊಸ್ಟಗ್ಲಾಂಡಿನ್ ಹುಟ್ಟುತ್ತದೆ, ಅದು ಹಳದಿ ಗಂಟನ್ನು ಕರಗಿಸುತ್ತದೆ, ಗಬ್ಬ ಹೋಗುತ್ತದೆ. ಈ ಸರಪಳಿ ಪ್ರಯಾಣದ ದಿನವೇ ಕಾಣಿಸಿಕೊಳ್ಳುವುದಿಲ್ಲ. ಎರಡು ಮೂರು ದಿನಗಳಾದ ಮೇಲೆ ಕುದುರೆ ಮಂಕಾಗುತ್ತದೆ, ಮೇವು ಬಿಡುತ್ತದೆ, ಮತ್ತೆ ಎರಡು ವಾರ ಕಳೆದು ಸ್ಕ್ಯಾನ್ ಮಾಡಿದಾಗ ಗರ್ಭಕೋಶ ಬರಿದಾಗಿರುತ್ತದೆ.

ಹಲವು ವರ್ಷಗಳ ಹಿಂದೆ ನಾನು ನೋಡಿದ ಒಂದು ಕುದುರೆಯ ನೆನಪು ಈಗಲೂ ನನ್ನನ್ನು ಬಾಧಿಸುತ್ತದೆ. ಬೇಸಿಗೆಯಲ್ಲಿ ದಕ್ಷಿಣದ ಕಡೆಯಿಂದ ಬರುತ್ತಿದ್ದ ಆ ಕುದುರೆಯ ವಾಹನವನ್ನು ಚಿತ್ರದುರ್ಗದ ಬಳಿ ಊಟಕ್ಕೆಂದು ಬಿಸಿಲಿನಲ್ಲಿಯೇ ಎರಡು ಗಂಟೆ ನಿಲ್ಲಿಸಿದ್ದರು. ಊರು ತಲುಪಿದಾಗ ಬೆವರು ಒಣಗಿ ಮೈಮೇಲೆ ಉಪ್ಪಿನ ಗೆರೆಗಳು ಮೂಡಿದ್ದವು. ಮರುದಿನ 103 ಡಿಗ್ರಿ ಜ್ವರ. ಮೂರನೆಯ ವಾರ ಗಬ್ಬವಿರಲಿಲ್ಲ. ಆ ಎರಡು ಗಂಟೆಗಳೇ ಕಾರಣವೆಂದು ನಾನು ಆಣೆಯಿಟ್ಟು ಹೇಳಲಾರೆ, ಏಕೆಂದರೆ ಎಲ್ಲಿಯೂ ಹೋಗದೆ ಲಾಯದಲ್ಲಿಯೇ ನಿಂತ ಆರೋಗ್ಯವಂತ ಕುದುರೆಗಳಲ್ಲಿಯೂ ನೂರಕ್ಕೆ ಐದರಿಂದ ಹದಿನೈದರಷ್ಟು ಎಳೆಗಬ್ಬಗಳು ಹೋಗುತ್ತವೆ, ವಯಸ್ಸಾದ ಕುದುರೆಗಳಲ್ಲಿ ಇನ್ನೂ ಹೆಚ್ಚು. ಆದರೂ ನೆರಳಿನಲ್ಲಿ ನಿಲ್ಲಿಸಿ ಒಂದು ಬಕೆಟ್ ನೀರು ಕೊಟ್ಟಿದ್ದರೆ ಆಗುತ್ತಿತ್ತಲ್ಲ ಎಂಬ ಸಂಕಟ ಇಂದಿಗೂ ಹೋಗಿಲ್ಲ.

ಇನ್ನು 28ನೆಯ ದಿನವನ್ನೇ ಏಕೆ ಸೂಚಿಸಿದೆ ಎಂಬುದು. ಆ ಹೊತ್ತಿಗೆ ಸ್ಕ್ಯಾನ್‌ನಲ್ಲಿ ಹೃದಯಬಡಿತ ಸ್ಪಷ್ಟವಾಗಿ ಕಾಣುತ್ತದೆ. ಅಕಸ್ಮಾತ್ ಪಿಂಡ ಬೆಳೆದಿಲ್ಲವೆಂದು ತಿಳಿದರೆ ಕುದುರೆ ಇನ್ನೂ ಗಂಡಿನ ಬಳಿಯಲ್ಲಿಯೇ ಇರುತ್ತದೆ. ವೈದ್ಯರ ಸಲಹೆಯಂತೆ ಮುಂದಿನ ಬೆದೆಗೆ ಮತ್ತೆ ಬಿಡಿಸಬಹುದು, ಹೋಗಿಬರುವ ಪ್ರಯಾಣ ಉಳಿಯುತ್ತದೆ. ಎಂಟು ದಿನದ ಮೇವಿನ ಖರ್ಚಿಗಿಂತ ಇದು ದೊಡ್ಡ ಲಾಭ. 35ನೆಯ ದಿನದ ನಂತರ ಪರಿಸ್ಥಿತಿ ಬೇರೆಯಾಗುತ್ತದೆ. ಆಗ ಗರ್ಭಕೋಶದ ಒಳಗೋಡೆಯಲ್ಲಿ ಬಟ್ಟಲಿನಾಕಾರದ ರಚನೆಗಳು ಮೂಡಿ ಬೇರೊಂದು ಹಾರ್ಮೋನನ್ನು ಸುರಿಸತೊಡಗುತ್ತವೆ. ಅವು ಮೂಡಿದ ಮೇಲೆ ಗಬ್ಬ ಹೋದರೂ ಸುಮಾರು ಮೂರು ನಾಲ್ಕು ತಿಂಗಳವರೆಗೆ ಅವು ಉಳಿದುಕೊಂಡು, ಕುದುರೆ ಸರಿಯಾಗಿ ಬೆದೆಗೆ ಬರುವುದಿಲ್ಲ. ಅಂದರೆ ಆ ವರ್ಷವೇ ಕೈತಪ್ಪುತ್ತದೆ. ಆ ಅವಧಿಯಲ್ಲಿ ಆ ಹಾರ್ಮೋನನ್ನು ನೋಡುವ ರಕ್ತಪರೀಕ್ಷೆ ಮಾಡಿಸಿದರೆ, ಇಲ್ಲದ ಗಬ್ಬವನ್ನು ಇದೆ ಎಂದು ತೋರಿಸಿ ನಿಮ್ಮನ್ನು ದಾರಿ ತಪ್ಪಿಸಲೂಬಹುದು.

ಮೊದಲ ಸ್ಕ್ಯಾನ್ ಮಾಡಿದ ವೈದ್ಯರನ್ನು ಇನ್ನೊಂದು ಪ್ರಶ್ನೆ ಕೇಳಿರಿ: ಎರಡೂ ಕೊಂಬುಗಳನ್ನು ನೋಡಿ ಅವಳಿ ಇಲ್ಲವೆಂದು ಖಚಿತಪಡಿಸಿಕೊಂಡರೇ? ಕುದುರೆ ಅವಳಿಗಳನ್ನು ಹೊತ್ತು ಹೆರುವುದು ಬಹಳ ಅಪರೂಪ. ಹೆಚ್ಚಿನವು ತಿಂಗಳುಗಳ ನಂತರ ಕಂದುಹಾಕುತ್ತವೆ, ತಾಯಿಯ ಜೀವಕ್ಕೂ ಅಪಾಯವಾಗುತ್ತದೆ. ಒಂದನ್ನು ತೆಗೆಯುವುದು ಹದಿನಾರನೆಯ ದಿನದೊಳಗೆ ಸುಲಭ. ಆಮೇಲೆ ಕಷ್ಟವಾದರೂ 30 ದಿನದೊಳಗೆ ತಿಳಿದರೆ ಅನುಭವಿ ವೈದ್ಯರು ಏನಾದರೂ ಮಾಡಬಲ್ಲರು. ಪ್ರಯಾಣದ ತಲೆಗೆ ಕಟ್ಟುವ ಎಷ್ಟೋ ಗರ್ಭಪಾತಗಳ ಹಿಂದೆ ಯಾರೂ ನೋಡದ ಅವಳಿಗಳಿರುತ್ತವೆ.

ಪ್ರಯಾಣದ ಮಾತಿಗೆ ಬರೋಣ. ಕುಣಿಗಲ್‌ನಿಂದ ತುಮಕೂರು, ಶಿರಾ, ಹಿರಿಯೂರು, ಚಿತ್ರದುರ್ಗ ದಾಟಿ ದಾವಣಗೆರೆಗೆ ಸುಮಾರು 230 ಕಿಲೋಮೀಟರ್. 1978ರ ಪ್ರಾಣಿಗಳ ಸಾಗಣೆ ನಿಯಮಗಳು ಕುದುರೆಗಳನ್ನು ಒಯ್ಯುವ ವಾಹನ ಗಂಟೆಗೆ 35 ಕಿಲೋಮೀಟರಿಗಿಂತ ವೇಗವಾಗಿ ಹೋಗಬಾರದೆನ್ನುತ್ತವೆ. ಈಗಿನ ಷಟ್ಪಥ ಹೆದ್ದಾರಿಯಲ್ಲಿ ಚಾಲಕರಿಗೆ ಇದು ಕಷ್ಟವೆನಿಸಬಹುದು. ಆದರೆ ಕುದುರೆ ಬೀಳುವುದು ಬ್ರೇಕ್ ಹಾಕಿದಾಗ ಮತ್ತು ತಿರುವಿನಲ್ಲಿ ಎಂಬುದನ್ನು ಕಂಡವರು ಈ ನಿಯಮವನ್ನು ಹಗುರವಾಗಿ ಕಾಣಲಾರರು. ಬೆಳಗಿನ ಜಾವ ಮೂರು ಗಂಟೆಗೆ ಹೊರಟರೆ ಶಿರಾದ ಬಳಿ ಅರ್ಧ ಗಂಟೆ, ಚಿತ್ರದುರ್ಗದ ಬಳಿ ಅರ್ಧ ಗಂಟೆ ನಿಂತರೂ ಬಿಸಿಲು ಬಲಿಯುವ ಮೊದಲು, ಹನ್ನೊಂದು ಗಂಟೆಯ ಸುಮಾರಿಗೆ ನೀವು ಊರಿನಲ್ಲಿರುತ್ತೀರಿ. ಹಿರಿಯೂರಿನಿಂದ ಈಚೆಗೆ ರಸ್ತೆಬದಿಯಲ್ಲಿ ಮರಗಳ ನೆರಳು ಕಡಿಮೆಯೆಂಬುದನ್ನು ಗಮನದಲ್ಲಿಟ್ಟು, ನಿಲ್ಲುವ ಜಾಗಗಳನ್ನು ಮೊದಲೇ ಗೊತ್ತುಮಾಡಿಕೊಳ್ಳಿರಿ. ಹಗಲು ಹೆಚ್ಚುವ ಕಾಲದಲ್ಲಿ ಕುದುರೆಗಳು ಚೆನ್ನಾಗಿ ಬೆದೆಗೆ ಬರುವುದರಿಂದ ನಮ್ಮಲ್ಲಿ ಎಳೆಗಬ್ಬದ ಪ್ರಯಾಣಗಳೆಲ್ಲ ಮಾರ್ಚಿನಿಂದ ಮೇ ತಿಂಗಳ ಸುಡುಬಿಸಿಲಿಗೇ ಬಂದು ಬೀಳುತ್ತವೆ. ಅದಕ್ಕಾಗಿಯೇ ಹೊತ್ತಿನ ವಿಷಯದಲ್ಲಿ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ವಾಹನದ ನೆಲಕ್ಕೆ ರಬ್ಬರ್ ಹಾಸಿ, ಅದರ ಮೇಲೆ ಹುಲ್ಲು ಹರಡಿರಬೇಕು. ತಲೆ ಹೊರಗೆ ಚಾಚದಂತೆ ಪಕ್ಕಗಳು ಎತ್ತರವಾಗಿದ್ದು, ಗಾಳಿ ಮಾತ್ರ ಆಡುವಂತಿರಬೇಕು. ಹತ್ತಿಸಲು ಮಣ್ಣಿನ ದಿಬ್ಬಕ್ಕೆ ವಾಹನದ ಹಿಂಬದಿಯನ್ನು ತಾಗಿಸಿ ನಿಲ್ಲಿಸುವ ನಮ್ಮ ಹಳ್ಳಿಗಳ ಪದ್ಧತಿ ಒಳ್ಳೆಯದೇ. ಹೊರಡುವ ಮುನ್ನ ಮೂರು ನಾಲ್ಕು ದಿನ, ನಿಂತ ವಾಹನದಲ್ಲಿ ಹುರುಳಿ ತಿನ್ನಿಸಿ ಇಳಿಸಿ ಅಭ್ಯಾಸ ಮಾಡಿಸಿರಿ. ಹೊಡೆದು ಹತ್ತಿಸಿದ ಕುದುರೆ ವಾಹನ ಚಲಿಸುವ ಮೊದಲೇ ಅರ್ಧ ದಣಿದಿರುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು ತಲೆಯ ಹಗ್ಗ. ಕುದುರೆ ಶ್ವಾಸನಾಳದ ಕಫವನ್ನು ಹೊರಹಾಕುವುದು ತಲೆ ತಗ್ಗಿಸಿದಾಗ ಮಾತ್ರ. ಗಂಟೆಗಟ್ಟಲೆ ತಲೆಯನ್ನು ಮೇಲಕ್ಕೆ ಬಿಗಿದರೆ ಬಾಯಿ ಮೂಗಿನ ಬ್ಯಾಕ್ಟೀರಿಯಾಗಳು ಶ್ವಾಸಕೋಶಕ್ಕೆ ಇಳಿದು, ಪ್ರಯಾಣದ ಜ್ವರವೆಂದು ನಾವು ಕರೆಯುವ ಕಾಯಿಲೆ ಹುಟ್ಟುತ್ತದೆ. ಆದ್ದರಿಂದ ಹಗ್ಗ ಸಡಿಲವಾಗಿರಲಿ, ನಿಂತ ಕಡೆ ಪೂರ್ತಿ ಬಿಚ್ಚಿ ತಲೆ ನೆಲದ ಹತ್ತಿರಕ್ಕೆ ಬರುವಂತೆ ಮಾಡಿರಿ, ಹುಲ್ಲನ್ನು ನೀರಿನಲ್ಲಿ ತೋಯಿಸಿ ತಗ್ಗಿನಲ್ಲಿ ಇಡಿರಿ.

ನೀರನ್ನು ಲಾಯದಿಂದಲೇ ಕ್ಯಾನ್‌ಗಳಲ್ಲಿ ತುಂಬಿಕೊಂಡು ಬನ್ನಿರಿ. ಹೊಸ ಊರಿನ ನೀರಿನ ವಾಸನೆಗೆ ಕುದುರೆ ಮುಖ ತಿರುಗಿಸುತ್ತದೆ; ವಾರದ ಮೊದಲಿನಿಂದ ನೀರಿಗೆ ಸ್ವಲ್ಪ ಬೆಲ್ಲ ಕದಡಿ ರೂಢಿ ಮಾಡಿಸಿದರೆ ಯಾವ ನೀರನ್ನಾದರೂ ಕುಡಿಯುತ್ತದೆ. ಹೊರಡುವ ಹಿಂದಿನ ದಿನ ಕಾಳು ಕಡಿಮೆ ಮಾಡಿ ಹುಲ್ಲು ಹೆಚ್ಚಿಸಿರಿ. ದಾರಿಯಲ್ಲಿ ಯಾರಾದರೂ ಪ್ರೀತಿಯಿಂದ ಹಸಿ ಜೋಳದ ಮೇವು ತಂದುಕೊಟ್ಟರೆ ಬೇಡವೆನ್ನಿರಿ, ಗಬ್ಬದ ಕುದುರೆಗೆ ಅದು ಸಲ್ಲದು. ಊರಿಗೆ ಬಂದ ಮೇಲೆ ನಮ್ಮಲ್ಲಿ ಹೇರಳವಾಗಿರುವ ಮೆಕ್ಕೆಜೋಳವನ್ನು ಏಕಾಏಕಿ ಸುರಿಯಬೇಡಿರಿ. ಬೂಷ್ಟು ಹಿಡಿದ ಮೆಕ್ಕೆಜೋಳವಂತೂ ಕುದುರೆಯ ಮಿದುಳನ್ನೇ ಕೊಳೆಸುವ ವಿಷ.

ಮನೆ ಸೇರಿದ ಮೇಲೆ ಐದು ದಿನ ಬೆಳಿಗ್ಗೆ ಸಂಜೆ ಗುದದ್ವಾರದಲ್ಲಿ ಉಷ್ಣತೆ ನೋಡಿ ಬರೆದಿಡಿರಿ. 99ರಿಂದ 101 ಡಿಗ್ರಿ ಫ್ಯಾರನ್‌ಹೀಟ್ ಸಹಜ. 101.5 ದಾಟಿದರೆ, ಲದ್ದಿ ನಿಂತರೆ ಅಥವಾ ಗಟ್ಟಿ ಉಂಡೆಯಾದರೆ, ಕೆಮ್ಮು ಬಂದರೆ ಅಂದೇ ವೈದ್ಯರನ್ನು ಕರೆಸಿರಿ. ಆ ಹಂತದಲ್ಲಿ ಸಿಗುವ ಚಿಕಿತ್ಸೆ ಗಬ್ಬವನ್ನು ಉಳಿಸಬಲ್ಲದು, ನಾಲ್ಕು ದಿನ ತಡವಾದರೆ ಉಳಿಸಲಾರದು. 45 ಮತ್ತು 60ನೆಯ ದಿನದ ಸುಮಾರಿಗೆ ಮತ್ತೆ ಸ್ಕ್ಯಾನ್ ಮಾಡಿಸಿರಿ. ಹತ್ತಿರದಲ್ಲಿ ಕುದುರೆಗೆ ಸ್ಕ್ಯಾನ್ ಮಾಡುವವರು ಸಿಗದಿದ್ದರೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಬಹುದು.

ಪ್ರಶ್ನೆ: ಪ್ರಯಾಣಕ್ಕೆ ಮುಂಚೆ ಗಬ್ಬ ಗಟ್ಟಿಯಾಗಲು ಒಂದು ಹಾರ್ಮೋನ್ ಇಂಜೆಕ್ಷನ್ ಹಾಕಿಸಿದರೆ ಸಾಕೆಂದು ಒಬ್ಬರು, ದಿನವೂ ಬಾಯಿಗೆ ಹಾಕುವ ಔಷಧಿ ಕೊಡಬೇಕೆಂದು ಇನ್ನೊಬ್ಬರು ಹೇಳಿದ್ದಾರೆ. ಮನೆಯಲ್ಲಿ ಕುದುರೆಗೆ ಮೇವು ಹಾಕುವವಳು ನಾನೇ. ಯಾವುದು ಸರಿ? (ಹೊಳಲ್ಕೆರೆಯ ಓದುಗರು)

ಉತ್ತರ: ಆರೋಗ್ಯವಂತ ಕುದುರೆಗೆ ಸಣ್ಣ ಪ್ರಯಾಣಕ್ಕಾಗಿ ಎರಡೂ ಬೇಡ ಎಂಬುದು ನನ್ನ ಅಭಿಪ್ರಾಯ. ಹಸುಗಳಿಗೆ ಹಾಕುವ ಹೈಡ್ರಾಕ್ಸಿಪ್ರೊಜೆಸ್ಟರಾನ್ ಕ್ಯಾಪ್ರೊಯೇಟ್ ಇಂಜೆಕ್ಷನ್ ಸುಲಭವಾಗಿ ಸಿಗುವುದರಿಂದ ಅದನ್ನೇ ಕುದುರೆಗೂ ಹಾಕುವ ರೂಢಿಯಿದೆ; ಆದರೆ ಅಂಡಾಶಯದ ನೆರವಿಲ್ಲದಾಗ ಅದು ಕುದುರೆಯ ಗಬ್ಬವನ್ನು ಹಿಡಿದಿಡುವುದಿಲ್ಲವೆಂದು ಪರೀಕ್ಷೆಗಳಲ್ಲಿ ಸಿದ್ಧವಾಗಿದೆ. ದುಡ್ಡು ಹೋಗುವುದಕ್ಕಿಂತ, ಇಂಜೆಕ್ಷನ್ ಹಾಕಿಸಿದ್ದೇವೆಂಬ ಧೈರ್ಯದಲ್ಲಿ ನೀರು, ನೆರಳನ್ನು ಮರೆಯುವುದು ದೊಡ್ಡ ನಷ್ಟ. ಕುದುರೆಯಲ್ಲಿ ನಿಜವಾಗಿ ಕೆಲಸ ಮಾಡುವುದು ಎಣ್ಣೆಯಲ್ಲಿರುವ ಪ್ರೊಜೆಸ್ಟರಾನ್ ಮತ್ತು ಬಾಯಿಗೆ ಕೊಡುವ ಆಲ್ಟ್ರೆನೊಜೆಸ್ಟ್. ಹಿಂದೆ ಗಬ್ಬ ಕಳೆದುಕೊಂಡಿರುವ, ವಯಸ್ಸಾದ ಅಥವಾ ಪ್ರೊಜೆಸ್ಟರಾನ್ ಕಡಿಮೆಯೆಂದು ರಕ್ತಪರೀಕ್ಷೆಯಲ್ಲಿ ತಿಳಿದ ಕುದುರೆಗೆ ವೈದ್ಯರು ಇವನ್ನು ಸೂಚಿಸಬಹುದು. ಆರಂಭಿಸಿದರೆ ನಡುವೆ ದಿಢೀರನೆ ನಿಲ್ಲಿಸಬಾರದು.

ನಿಮಗೆ ವಿಶೇಷವಾಗಿ ಹೇಳಬೇಕಾದ ಮಾತೊಂದಿದೆ. ಆಲ್ಟ್ರೆನೊಜೆಸ್ಟ್ ಚರ್ಮದ ಮೂಲಕ ನಮ್ಮ ದೇಹಕ್ಕೂ ಇಳಿಯುತ್ತದೆ, ಮುಟ್ಟಿನ ಕ್ರಮವನ್ನು ಕೆಡಿಸುತ್ತದೆ. ಗರ್ಭಿಣಿಯರು ಅದನ್ನು ಮುಟ್ಟಲೇಬಾರದು. ಉಳಿದ ಹೆಂಗಸರೂ ದ್ರವ ಒಳಗಿಳಿಯದ ಕೈಗವಸು ಹಾಕಿಕೊಂಡೇ ಕೊಡಬೇಕು, ಕೈಗೆ ತಾಗಿದರೆ ಕೂಡಲೇ ಸೋಪಿನಿಂದ ತೊಳೆದುಕೊಳ್ಳಬೇಕು. ಆ ಕೆಲಸವನ್ನು ಮನೆಯ ಗಂಡಸರಿಗೆ ಒಪ್ಪಿಸುವುದೇ ಉತ್ತಮ, ಅವರಿಗೂ ಕೈಗವಸು ಬೇಕು.

ಪ್ರಶ್ನೆ: ಮಹಾರಾಷ್ಟ್ರದ ಸಾರಂಗಖೇಡ ಜಾತ್ರೆಯಿಂದ ಒಂದು ಮಾರವಾಡಿ ಹೆಣ್ಣು ಕುದುರೆಯನ್ನು ಮುಂದಿನ ಡಿಸೆಂಬರಿನಲ್ಲಿ ತರುವ ಯೋಚನೆಯಿದೆ. ಒಂದು ತಿಂಗಳ ಗಬ್ಬವಿರುವ ಕುದುರೆಗಳನ್ನೂ ಅಲ್ಲಿ ಮಾರುತ್ತಾರಂತೆ. ಬೇರೆ ಕುದುರೆಗಳ ಜೊತೆ ಲಾರಿಯಲ್ಲಿ ಹಾಕಿಸಿಕೊಂಡು ಬರಬಹುದೇ? (ಚಳ್ಳಕೆರೆಯ ಓದುಗರು)

ಉತ್ತರ: ಜಾತ್ರೆಯಲ್ಲಿ ಬಾಯಿಮಾತಿನ ಗಬ್ಬಕ್ಕೆ ಬೆಲೆ ಕೊಡಬೇಡಿರಿ. ಸ್ಕ್ಯಾನ್ ವರದಿಯಿಲ್ಲದಿದ್ದರೆ ಬರಿಗುದುರೆಯೆಂದೇ ಎಣಿಸಿ ವ್ಯಾಪಾರ ಮಾಡಿರಿ, ಗಬ್ಬವಿದೆಯೆಂದೇ ಎಣಿಸಿ ಸಾಗಿಸಿರಿ.

ಇದು ಕುಣಿಗಲ್‌ನ ಪ್ರಯಾಣದಂತಲ್ಲ. ನಿಯಮದ ವೇಗದಲ್ಲಿ ಒಂದೇ ಓಟದಲ್ಲಿ ಮುಗಿಯುವ ದೂರವಲ್ಲವಾದ್ದರಿಂದ ಎರಡು ಮೂರು ಹಗಲುಗಳಾಗಿ ಹಂಚಿಕೊಂಡು, ರಾತ್ರಿ ಕುದುರೆಯನ್ನು ಇಳಿಸಿ ನಡೆದಾಡಿಸಿ ವಿಶ್ರಾಂತಿ ಕೊಡಬೇಕು. ಸಾಗಣೆ ನಿಯಮಗಳ ಪ್ರಕಾರ ಪ್ರಯಾಣಕ್ಕೆ ಯೋಗ್ಯವೆಂಬ ವೈದ್ಯರ ಪ್ರಮಾಣಪತ್ರ ಜೊತೆಗಿರಬೇಕು, ಗಬ್ಬದ ಕುದುರೆಯನ್ನು ಇತರ ಪ್ರಾಣಿಗಳೊಡನೆ ಬೆರೆಸುವಂತಿಲ್ಲ, ಕುದುರೆಗಳ ನಡುವೆ ದಪ್ಪ ಬಿದಿರಿನ ಅಡ್ಡಗಳಿರಬೇಕು. ಗಂಡು ಕುದುರೆಯಿರುವ ಲಾರಿಗಂತೂ ಹತ್ತಿಸಲೇಬೇಡಿರಿ. ಜಾತ್ರೆಯ ಕುದುರೆ ಎಲ್ಲೆಲ್ಲಿಯ ಕುದುರೆಗಳೊಡನೆ ಮೂಗು ತಾಗಿಸಿದೆಯೋ ತಿಳಿಯದು. ಗ್ಲಾಂಡರ್ಸ್ ಮನುಷ್ಯರಿಗೂ ತಗುಲುವ ಪ್ರಾಣಾಂತಕ ರೋಗ, 2009ರ ಪ್ರಾಣಿಗಳ ಸಾಂಕ್ರಾಮಿಕ ರೋಗಗಳ ಕಾಯ್ದೆಯಡಿ ಸರ್ಕಾರಕ್ಕೆ ತಿಳಿಸಲೇಬೇಕಾದದ್ದು. ಇದರ ರಕ್ತಪರೀಕ್ಷೆಯ ಮುಖ್ಯ ಕೇಂದ್ರ ಹರಿಯಾಣದ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರ. ಪಶುಸಂಗೋಪನಾ ಇಲಾಖೆಯ ವೈದ್ಯರ ಮೂಲಕ ರಕ್ತದ ಮಾದರಿ ಕಳುಹಿಸಬಹುದು. ಪರೀಕ್ಷೆಯ ಫಲಿತಾಂಶ ನೋಡದೆ ಕುದುರೆಯನ್ನು ಜಾಗ ಬಿಡಿಸಬೇಡಿರಿ. ಮನೆಗೆ ತಂದ ಮೇಲೂ ಮೂರು ವಾರ ಬೇರೆಯ ಲಾಯ, ಬೇರೆಯ ಬಕೆಟ್ ಇರಲಿ. ನಿಮ್ಮಲ್ಲಿ ತುಂಬುಗಬ್ಬದ ಕುದುರೆಯಿದ್ದರೆ ಇದನ್ನು ಇನ್ನೂ ಕಟ್ಟುನಿಟ್ಟಾಗಿ ಪಾಲಿಸಿರಿ, ಏಕೆಂದರೆ ಪ್ರಯಾಣದಿಂದ ದಣಿದ ಕುದುರೆಯಲ್ಲಿ ಮೈಯೊಳಗೆ ಅಡಗಿದ್ದ ಹರ್ಪಿಸ್ ವೈರಸ್ ಮತ್ತೆ ಕೆರಳಿ, ನೆಗಡಿಯಷ್ಟೇ ಎಂದು ತೋರುತ್ತಲೇ ನೆರೆಯ ತುಂಬುಗಬ್ಬವನ್ನು ಕೆಡವಬಲ್ಲದು.

ಪ್ರಶ್ನೆ: ಗಬ್ಬವೆಂದು ಸ್ಕ್ಯಾನ್‌ನಲ್ಲಿ ತಿಳಿದಿದ್ದ ಕುದುರೆ ಪ್ರಯಾಣ ಮಾಡಿ ಬಂದ ಮೂರನೆಯ ದಿನ ಬೆದೆಯ ಲಕ್ಷಣ ತೋರಿಸುತ್ತಿದೆ. ಮತ್ತೆ ಗಂಡಿಗೆ ಬಿಡಿಸಬಹುದೇ? (ಹರಿಹರದ ಓದುಗರು)

ಉತ್ತರ: ಸ್ಕ್ಯಾನ್ ಮಾಡಿಸದೆ ಬಿಡಿಸಬೇಡಿರಿ. ಗಬ್ಬವಿರುವಾಗಲೂ ಕೆಲವು ಕುದುರೆಗಳು ಬೆದೆಯಂತೆ ವರ್ತಿಸುತ್ತವೆ, ಆಗ ಗಂಡು ಹಾರಿದರೆ ಗರ್ಭಕೋಶಕ್ಕೆ ಸೋಂಕು ಸೇರಿ ಇರುವ ಗಬ್ಬವೂ ಹೋಗಬಹುದು. ಬೆದೆಯನ್ನು ಸರಿಪಡಿಸಲೆಂದು ಯಾರಾದರೂ ಪ್ರೊಸ್ಟಗ್ಲಾಂಡಿನ್ ಇಂಜೆಕ್ಷನ್ ಹಾಕಲು ಬಂದರೆ, ಮೊದಲು ಗರ್ಭಕೋಶ ಬರಿದಾಗಿದೆಯೆಂದು ಪರದೆಯ ಮೇಲೆ ತೋರಿಸುವಂತೆ ಕೇಳಿರಿ.